ಕ್ಯಾಟಲಾನ್ ಹೆಸರು ಇಡುವ ಮುನ್ನ: ಅರ್ಥ, ಉಚ್ಚಾರ ಮತ್ತು ಅಜ್ಜಿಯ ಕಿವಿ

ಬಾರ್ಸೆಲೋನಾದಲ್ಲಿರುವ ನನ್ನ ಗೆಳತಿಯ ಮನೆ. ಫ್ರಿಜ್ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರು. ಅದರಲ್ಲಿ ನಾಲ್ಕು ಹೆಸರು: ನೂರಿಯಾ, ಓನಾ, ಮಾರ್, ಲಾಯಾ. ಮಗು ಹುಟ್ಟಿ ನಾಲ್ಕು ದಿನ ಆಗಿತ್ತು. ಅಪ್ಪ ಕ್ಯಾಟಲಾನ್ (ಬಾರ್ಸೆಲೋನಾ ಇರುವ, ಸ್ಪೇನ್‌ನ ಕ್ಯಾಟಲೋನಿಯಾ ಪ್ರಾಂತ್ಯದವನು), ಅಮ್ಮ ದಾವಣಗೆರೆಯವಳು. ಫೋನನ್ನು ಸ್ಪೀಕರ್‌ಗೆ ಹಾಕಿ ಊರಲ್ಲಿರುವ ಅಜ್ಜಿಗೆ ಒಂದೊಂದೇ ಹೆಸರು ಓದಿ ಹೇಳಿದರು. ‘ಲಾಯಾ’ ಅಂದ ತಕ್ಷಣ ಅಜ್ಜಿ ಕೇಳಿದರು, “ಏನವ್ವಾ, ಕುದುರೆ ಲಾಯಾನಾ?”

ಗೆಳತಿ ಸುಮ್ಮನಾದಳು. ಅವಳ ಮನಸ್ಸಲ್ಲಿ ಗಟ್ಟಿಯಾಗಿ ಕೂತಿದ್ದ ಹೆಸರೇ ಅದು. ಅವತ್ತು ರಾತ್ರಿ ಇಬ್ಬರೂ ಕೂತು ಹೆಸರುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದೆವು. ಆಮೇಲೆ ಇಲ್ಲಿರುವ ಇನ್ನೂ ಕೆಲವು ಕನ್ನಡದ ಮನೆಯವರು ಇದೇ ಪ್ರಶ್ನೆ ಇಟ್ಟುಕೊಂಡು ಬಂದರು. ಅವರಿಗೆ ಹೇಳಿದ್ದನ್ನೆಲ್ಲ ಒಂದು ಕಡೆ ಬರೆದಿಟ್ಟರೆ ಅನುಕೂಲ ಅನ್ನಿಸಿತು. ಮಗಳನ್ನೋ ಮಗನನ್ನೋ ಕ್ಯಾಟಲೋನಿಯಾದ ಮನೆಗೆ ಕೊಟ್ಟು ತಂದವರಿಗೂ ಇದು ಉಪಯೋಗಕ್ಕೆ ಬರುತ್ತದೆ. ಮೊಮ್ಮಗುವಿನ ಹೆಸರು ಬಾಯಲ್ಲಿ ಸರಿಯಾಗಿ ಬರಬೇಕು ಅಂತ ಎಲ್ಲರಿಗೂ ಆಸೆ ಇರುತ್ತದೆ, ಅಲ್ವಾ?

ಹೆಜ್ಜೆ 1: ಇದು ಸ್ಪ್ಯಾನಿಷ್ ಹೆಸರಲ್ಲ ಅನ್ನೋದನ್ನು ಮೊದಲು ತಿಳಿದುಕೊಳ್ಳಿ

ಕ್ಯಾಟಲಾನ್ ಅಂದರೆ ಸ್ಪ್ಯಾನಿಷ್‌ನ ಒಂದು ಬಗೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಎರಡೂ ಲ್ಯಾಟಿನ್‌ನಿಂದ ಬಂದ ಬೇರೆ ಬೇರೆ ಭಾಷೆಗಳು. ಕನ್ನಡ, ತಮಿಳು ಒಂದೇ ಮನೆತನದವಾದರೂ ಒಂದೇ ಭಾಷೆ ಅಲ್ಲವಲ್ಲ, ಹಾಗೆ. ಕ್ಯಾಟಲೋನಿಯಾ, ವೆಲೆನ್ಸಿಯಾ, ಮಯೋರ್ಕಾ ಮೊದಲಾದ ಬಾಲಿಯಾರಿಕ್ ದ್ವೀಪಗಳು, ಫ್ರಾನ್ಸಿನ ಪರ್ಪಿನ್ಯಾನ್ ಸುತ್ತಮುತ್ತ, ಇಟಲಿಯ ಸಾರ್ಡೀನಿಯಾ ದ್ವೀಪದ ಆಲ್ಗೇರೋ ಪಟ್ಟಣ, ಇಲ್ಲೆಲ್ಲ ಈ ಭಾಷೆ ಇದೆ. ಅಂಡೋರಾ ಅನ್ನೋ ಪುಟ್ಟ ದೇಶಕ್ಕೆ ಇದೇ ಅಧಿಕೃತ ಭಾಷೆ.

ಒಂದೇ ಸಂತರ ಹೆಸರು ಎರಡು ಭಾಷೆಯಲ್ಲಿ ಎರಡು ರೂಪ ತಾಳುತ್ತದೆ. ಸ್ಪ್ಯಾನಿಷ್‌ನ ಹೋರ್ಹೆ ಇಲ್ಲಿ ಜೋರ್ದಿ. ಹುವಾನ್ ಇಲ್ಲಿ ಜುವಾನ್. ಪಾಬ್ಲೋ ಇಲ್ಲಿ ಪಾವ್. ಹೈಮೆ ಇಲ್ಲಿ ಜಾವ್ಮೆ. ಯಾವ ರೂಪ ಬರೆಸುತ್ತೀರಿ ಅನ್ನೋದು ಇಲ್ಲಿ ಸಣ್ಣ ವಿಷಯವಲ್ಲ. ಕಾರಣ ಕೇಳಿ.

1938ರಲ್ಲಿ, ಸ್ಪೇನ್‌ನಲ್ಲಿ ಅಂತರ್ಯುದ್ಧ ನಡೆಯುತ್ತಿರುವಾಗಲೇ, ಮುಂದೆ ದೇಶದ ಸರ್ವಾಧಿಕಾರಿಯಾದ ಫ್ರಾಂಕೋ ಕಡೆಯ ಸರ್ಕಾರ ಒಂದು ಆದೇಶ ಹೊರಡಿಸಿತು. ಜನನ ದಾಖಲೆಯಲ್ಲಿ ಹೆಸರು ಸ್ಪ್ಯಾನಿಷ್ ರೂಪದಲ್ಲೇ ಇರಬೇಕು ಅಂತ. ಅಲ್ಲಿಂದ ಸುಮಾರು 40 ವರ್ಷ ಕ್ಯಾಟಲಾನ್ ಮಕ್ಕಳಿಗೆ ಎರಡೆರಡು ಹೆಸರು. ಕಾಗದದ ಮೇಲೆ ಹೋರ್ಹೆ, ಅಡುಗೆಮನೆಯಲ್ಲಿ ಜೋರ್ದಿ. ಇವತ್ತಿಗೂ ಇಲ್ಲಿನ ವಯಸ್ಸಾದವರನ್ನು ಕೇಳಿದರೆ ಶಾಲೆಯ ಹಾಜರಿಯಲ್ಲಿದ್ದ ಹೆಸರು ಬೇರೆ, ಅಮ್ಮ ಕರೆಯುತ್ತಿದ್ದ ಹೆಸರು ಬೇರೆ ಅನ್ನುತ್ತಾರೆ.

ಫುಟ್‌ಬಾಲ್ ಆಟಗಾರ ಯೋಹಾನ್ ಕ್ರೈಫ್ ಬಾರ್ಸೆಲೋನಾ ತಂಡಕ್ಕೆ ಬಂದಿದ್ದು 1973ರಲ್ಲಿ. ಮರುವರ್ಷ ಫೆಬ್ರವರಿಯಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮಗ ಹುಟ್ಟಿದ. ಹೆಸರು ಜೋರ್ದಿ. ಸ್ಪೇನ್‌ನಲ್ಲಿ ಅದನ್ನು ನೋಂದಾಯಿಸಲು ಹೋದಾಗ ಹೋರ್ಹೆ ಅಂತ ಬರೆಯಬೇಕು ಅಂದರು. ಕ್ರೈಫ್ ಒಪ್ಪಲಿಲ್ಲ. ಡಚ್ ಕಾಗದದಲ್ಲಿ ಆಗಲೇ ಜೋರ್ದಿ ಅಂತ ಇತ್ತು. ಕೊನೆಗೆ ಅದೇ ಹೆಸರು ನಿಂತಿತು. ಹೊರಗಿನಿಂದ ಬಂದವನೊಬ್ಬ ತಮ್ಮ ಹೆಸರಿಗಾಗಿ ಹಟ ಹಿಡಿದ ಅನ್ನೋದನ್ನು ಇಲ್ಲಿನವರು ಇವತ್ತಿಗೂ ಪ್ರೀತಿಯಿಂದ ನೆನೆಯುತ್ತಾರೆ. 1977ರ ಕಾನೂನು ಬಂದ ಮೇಲೆ ಸ್ಪೇನ್‌ನ ಯಾವ ಭಾಷೆಯಲ್ಲಿ ಬೇಕಾದರೂ ಹೆಸರಿಡಬಹುದು ಅಂತಾಯಿತು.

ಹಾಗಾಗಿ ಹೆಸರು ಹುಡುಕುವಾಗ ಇಂಟರ್ನೆಟ್ಟಿನ ‘ಸ್ಪ್ಯಾನಿಷ್ ಹೆಸರುಗಳು’ ಪಟ್ಟಿಯಿಂದ ಶುರು ಮಾಡಬೇಡಿ. ಕ್ಯಾಟಲಾನ್ ರೂಪ ಯಾವುದು ಅಂತ ಮನೆಯವರನ್ನೇ ಕೇಳಿ.

ಹೆಜ್ಜೆ 2: ‘ಅರ್ಥ ಏನು?’ ಅನ್ನೋದನ್ನು ಸ್ವಲ್ಪ ಬಿಡಿಸಿ ಕೇಳಿ

ನಮಗೆ ಹೆಸರು ಅಂದ ಕೂಡಲೇ ಅರ್ಥ ಬೇಕು. ಇಲ್ಲಿ ಆ ಪ್ರಶ್ನೆ ಕೇಳಿದರೆ ಒಮ್ಮೊಮ್ಮೆ ಎದುರಿನವರು ತಬ್ಬಿಬ್ಬಾಗುತ್ತಾರೆ. “ಅರ್ಥಾನಾ? ನನ್ನ ಅಜ್ಜಿ ಹೆಸರು ಅದು” ಅನ್ನುತ್ತಾರೆ. ಇಲ್ಲವೇ ಒಂದು ಬೆಟ್ಟ ತೋರಿಸುತ್ತಾರೆ. ಇಲ್ಲವೇ ಒಂದು ತಾರೀಖು ಹೇಳುತ್ತಾರೆ. ನಾನು ಕಂಡುಕೊಂಡಿದ್ದು ಇಷ್ಟು: ಕ್ಯಾಟಲಾನ್ ಹೆಸರಿಗೆ ಪದದ ಅರ್ಥ ಒಂದಿರುತ್ತದೆ, ಆದರೆ ಜನರ ಬದುಕಲ್ಲಿ ಇರುವ ಅರ್ಥ ಬೇರೆಯೇ. ಎರಡನ್ನೂ ಕೇಳಿ. ಎರಡನೆಯದನ್ನು ಜಾಸ್ತಿ ಕೇಳಿ.

ಮುನ್‌ಸರಾತ್ ಹೆಸರನ್ನೇ ನೋಡಿ. ಇಂಗ್ಲಿಷ್ ಓದುವವರು ಮಾಂಟ್‌ಸೆರಾಟ್ ಅನ್ನುತ್ತಾರೆ. ಪದದ ಅರ್ಥ ‘ಗರಗಸದಿಂದ ಕೊಯ್ದ ಬೆಟ್ಟ’. ಇದನ್ನು ಕೇಳಿದರೆ ಹೆಣ್ಣುಮಗುವಿಗೆ ಇಡೋ ಹೆಸರಾ ಇದು ಅನ್ನಿಸುತ್ತದೆ. ಆದರೆ ಬಾರ್ಸೆಲೋನಾದಿಂದ ಸುಮಾರು 50 ಕಿ.ಮೀ. ದೂರ ಹೋಗಿ ಆ ಬೆಟ್ಟದ ಎದುರು ನಿಲ್ಲಿ. ಬಂಡೆಗಳು ಸಾಲಾಗಿ ಗರಗಸದ ಹಲ್ಲಿನ ಹಾಗೇ ಎದ್ದು ನಿಂತಿವೆ. ಅದರ ನಡುವೆ ಸಾವಿರ ವರ್ಷದ ಮಠ. ಒಳಗೆ ಕಪ್ಪು ಬಣ್ಣದ ಮೇರಿಯಮ್ಮನ ವಿಗ್ರಹ. ಜನ ಅವಳನ್ನು ಅಕ್ಕರೆಯಿಂದ ‘ಮುರನೇತಾ’ ಅನ್ನುತ್ತಾರೆ, ಅಂದರೆ ಪುಟ್ಟ ಕಪ್ಪಮ್ಮ. ನಮ್ಮ ಕರಿಯಮ್ಮನನ್ನು ಬಲ್ಲವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಕ್ಯಾಟಲೋನಿಯಾದ ಪೋಷಕ ದೇವತೆ ಅವಳು. ಏಪ್ರಿಲ್ 27 ಅವಳ ದಿನ. ಉತ್ತರ ಕರ್ನಾಟಕದಲ್ಲಿ ಗಂಡುಮಕ್ಕಳಿಗೆ ಶ್ರೀಶೈಲ ಅಂತ ಹೆಸರಿಡುತ್ತಾರಲ್ಲ, ಅದು ಬೆಟ್ಟದ ಹೆಸರೇ. ಹಾಗೆಯೇ ಇದೂ. ಒಪೆರಾ ಗಾಯಕಿ ಮುನ್‌ಸರಾತ್ ಕಬಾಯೆ ಈ ಹೆಸರನ್ನು ಜಗತ್ತಿಗೆಲ್ಲ ಕೇಳಿಸಿದರು. ಮನೆಯಲ್ಲಿ ಕರೆಯುವ ಹೆಸರು ಮುನ್ಸೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಹೆಸರು ನೂರಿಯಾ. ಪಿರನೀಸ್ ಬೆಟ್ಟಸಾಲಿನಲ್ಲಿ ಸುಮಾರು 1,960 ಮೀಟರ್ ಎತ್ತರದಲ್ಲಿ ಆ ಹೆಸರಿನ ಕಣಿವೆ ಇದೆ. ಅಲ್ಲಿಗೆ ಕಾರು ಹೋಗುವ ರಸ್ತೆ ಇಲ್ಲ. 1931ರಲ್ಲಿ ಶುರುವಾದ ಹಲ್ಲುಚಕ್ರದ ಪುಟ್ಟ ರೈಲಿನಲ್ಲಿ ಹೋಗಬೇಕು, ಇಲ್ಲ ನಡೆಯಬೇಕು. ಮೇಲೆ ಒಂದು ಗುಡಿ, ಪಕ್ಕದಲ್ಲಿ ಕೆರೆ. ಗುಡಿಯಲ್ಲಿ ಒಂದು ಹಳೆಯ ಅಡುಗೆ ಪಾತ್ರೆ, ಒಂದು ಗಂಟೆ. ಜಿಲ್ ಅನ್ನೋ ಸಂತ ಕುರಿಗಾಹಿಗಳಿಗೆ ಅಡುಗೆ ಮಾಡಿ, ಗಂಟೆ ಬಾರಿಸಿ ಊಟಕ್ಕೆ ಕರೆಯುತ್ತಿದ್ದನಂತೆ. ಮಕ್ಕಳಾಗಲಿ ಅಂತ ಬೇಡಿಕೊಳ್ಳುವ ಹೆಂಗಸರು ಆ ಪಾತ್ರೆಯೊಳಗೆ ತಲೆ ಇಟ್ಟು ಗಂಟೆ ಬಾರಿಸುತ್ತಾರೆ. ಹೆಣ್ಣು ಹುಟ್ಟಿದರೆ ನೂರಿಯಾ ಅಂತ ಹೆಸರಿಡೋದು ವಾಡಿಕೆ. ಹರಕೆ ಹೊತ್ತು ಪಡೆದ ಮಗುವಿಗೆ ಆ ದೇವರ ಹೆಸರನ್ನೇ ಇಡೋದು ನಮ್ಮಲ್ಲೂ ಇದೆಯಲ್ಲ. ಇಂಟರ್ನೆಟ್ಟಿನಲ್ಲಿ ನೂರಿಯಾ ಅಂದರೆ ‘ಬೆಳಕು’ ಅಂತ ಬರೆದಿರುತ್ತಾರೆ, ಅರಬ್ಬಿಯ ‘ನೂರ್’ ಪದಕ್ಕೆ ಹೋಲುತ್ತದೆ ಅಂತ. ಆದರೆ ಇಲ್ಲಿನವರಿಗೆ ನೂರಿಯಾ ಅಂದರೆ ಆ ಕಣಿವೆ, ಆ ಪಾತ್ರೆ, ಆ ಗಂಟೆ. ಕನ್ನಡದ ಕಿವಿಗೆ ಅದರಲ್ಲಿ ‘ನೂರು’ ಕೇಳುತ್ತದೆ. ನೂರ್ಕಾಲ ಬಾಳು ಅಂದ ಹಾಗೆ.

ಮೆರಿಚೆಲ್ ಕೂಡ ಇದೇ ಗುಂಪಿನದು. ಅಂಡೋರಾ ದೇಶದ ಪೋಷಕ ಮಾತೆಯ ಹೆಸರು. ಅವಳ ಗುಡಿ 1972ರಲ್ಲಿ ಬೆಂಕಿಗೆ ಆಹುತಿಯಾಯಿತು. ವಾಸ್ತುಶಿಲ್ಪಿ ರಿಕಾರ್ಡೋ ಬೋಫಿಲ್ ಹೊಸದನ್ನು ಕಟ್ಟಿದರು. ಸೆಪ್ಟೆಂಬರ್ 8 ಅವಳಿಗೂ ದಿನ, ನೂರಿಯಾಗೂ ದಿನ.

ಬಾರ್ಸೆಲೋನಾ ಊರಿನ ಪೋಷಕಿ ಮರ್ಸೆ. ಪದದ ಅರ್ಥ ‘ದಯೆ’, ನಮ್ಮ ಕರುಣಾ. ಸೆಪ್ಟೆಂಬರ್ 24ಕ್ಕೆ ಊರಿಗೆ ಊರೇ ಹಬ್ಬ. ಆದರೆ ಅವಳಿಗಿಂತ ಮೊದಲು ಊರನ್ನು ಕಾಯುತ್ತಿದ್ದವಳು ಎವುಲಾಲಿಯಾ. 13 ವರ್ಷದ ಹುಡುಗಿ, ನಂಬಿಕೆಗಾಗಿ ಪ್ರಾಣ ಕೊಟ್ಟವಳು. ಬಾರ್ಸೆಲೋನಾದ ದೊಡ್ಡ ಕಥೀಡ್ರಲ್‌ನ ಅಂಗಳದಲ್ಲಿ ಇವತ್ತಿಗೂ 13 ಬಿಳಿ ಹೆಬ್ಬಾತುಗಳನ್ನು ಸಾಕುತ್ತಾರೆ, ಅವಳ ವಯಸ್ಸಿಗೆ ಒಂದೊಂದರಂತೆ. ಮರ್ಸೆ ಹಬ್ಬದ ದಿನ ಮಳೆ ಬಂದರೆ ಎವುಲಾಲಿಯಾ ಅಳುತ್ತಿದ್ದಾಳೆ ಅನ್ನೋದು ಇಲ್ಲಿನ ಮಾತು. ಗ್ರೀಕ್ ಭಾಷೆಯಲ್ಲಿ ಎವುಲಾಲಿಯಾ ಅಂದರೆ ‘ಚೆನ್ನಾಗಿ ಮಾತಾಡುವವಳು’. ನೇರವಾಗಿ ನಮ್ಮ ಸುಭಾಷಿಣಿ! ಮನೆಯಲ್ಲಿ ಕರೆಯುವ ಗಿಡ್ಡ ಹೆಸರು ಲಾಯಾ. ಹೌದು, ಅಜ್ಜಿಗೆ ಕುದುರೆ ಲಾಯವಾಗಿ ಕೇಳಿದ್ದು ಇದೇ.

ಹೆಜ್ಜೆ 3: ಅರ್ಥ ಬೆಳಕಿನಂತೆ ಕಾಣುವ ಹೆಸರು ಬೇಕಾ, ಒಳಗೆ ಬೇರು ಇರುವುದು ಬೇಕಾ?

ಕೆಲವು ಹೆಸರು ಕ್ಯಾಟಲಾನ್ ಮಾತಿನಲ್ಲಿ ದಿನಾ ಬಳಸುವ ಪದಗಳೇ. ಮಾರ್ ಅಂದರೆ ಸಮುದ್ರ. ಓನಾ ಅಂದರೆ ಅಲೆ. ನಮ್ಮಲ್ಲಿ ತರಂಗಿಣಿ ಇದ್ದ ಹಾಗೆ, ಆದರೆ ಎರಡೇ ಅಕ್ಷರದಲ್ಲಿ. ಎಸ್ತೆಲ್ ಅಂದರೆ ನಕ್ಷತ್ರ, ತಾರಾ. ಆಲ್ಬಾ ಅಂದರೆ ನಸುಕು, ಉಷಾ. ನೆವುಸ್ ಅಂದರೆ ಹಿಮ. ರುಝೆ ಅಂದರೆ ಗುಲಾಬಿ ಗಿಡ, ಜಪಮಾಲೆ ಎರಡೂ. ಅಬ್ರಿಲ್ ಅಂದರೆ ಏಪ್ರಿಲ್ ತಿಂಗಳು, ಇಲ್ಲಿ ವಸಂತಕಾಲ. ಹೆಣ್ಣುಮಕ್ಕಳಿಗೆ ಇಂಥ ಹೆಸರು ಈಗ ತುಂಬಾ ಇಡುತ್ತಾರೆ. ಅರ್ಥ ಕೇಳಿದವರಿಗೆ ಒಂದೇ ಮಾತಲ್ಲಿ ಹೇಳಿ ಮುಗಿಸಬಹುದು. ಊರಿನ ನೆಂಟರಿಗೆ ಇವೇ ಬೇಗ ಒಪ್ಪಿಗೆಯಾಗುತ್ತವೆ ಅನ್ನೋದು ನನ್ನ ಅನುಭವ.

ಗಂಡುಮಕ್ಕಳಲ್ಲಿ ಪಾವ್ ಅನ್ನೋದಕ್ಕೆ ಎರಡು ಅರ್ಥ. ಹೆಸರಾಗಿ ಅದು ಸಂತ ಪೌಲ, ಲ್ಯಾಟಿನ್‌ನಲ್ಲಿ ‘ಚಿಕ್ಕವನು’. ಆದರೆ ಕ್ಯಾಟಲಾನ್‌ನಲ್ಲಿ ಪಾವ್ ಅಂದರೆ ಶಾಂತಿ. ಸೆಲ್ಲೋ ವಾದಕ ಪಾವ್ ಕಸಾಲ್ಸ್ ಹೊರಗೆಲ್ಲ ಪಾಬ್ಲೋ ಅಂತಲೇ ಹೆಸರಾದವರು. 1971ರ ಅಕ್ಟೋಬರ್‌ನಲ್ಲಿ, 94ರ ವಯಸ್ಸಿನಲ್ಲಿ, ವಿಶ್ವಸಂಸ್ಥೆಯ ಸಭೆಯಲ್ಲಿ ಎದ್ದು ನಿಂತು ನಾನೊಬ್ಬ ಕ್ಯಾಟಲಾನ್ ಅಂದರು. ಊರಿನ ಒಂದು ಹಳೆಯ ಜನಪದ ಹಾಡು ನುಡಿಸುವ ಮುನ್ನ, ನಮ್ಮ ಹಕ್ಕಿಗಳು ಆಕಾಶದಲ್ಲಿ ಶಾಂತಿ, ಶಾಂತಿ, ಶಾಂತಿ ಅಂತ ಹಾಡುತ್ತವೆ ಅಂದರು. ಅವರ ಹೆಸರೇ ಶಾಂತಿ ಅಂತ ಗೊತ್ತಿದ್ದವರಿಗೆ ಆ ಮಾತು ಇನ್ನಷ್ಟು ನಾಟಿರಬೇಕು. ಗಂಡುಮಗುವಿಗೆ ಒಂದೇ ಹೆಸರು ಹೇಳಿ ಅಂದರೆ ನಾನು ಇದನ್ನೇ ಹೇಳುತ್ತೇನೆ.

ಜೋರ್ದಿ ಅಂದರೆ ಗ್ರೀಕ್ ಬೇರಿನಲ್ಲಿ ‘ಮಣ್ಣಿನ ಕೆಲಸ ಮಾಡುವವನು’, ರೈತ. ಏಪ್ರಿಲ್ 23 ಸಾಂತ್ ಜೋರ್ದಿಯ ದಿನ. ಅವತ್ತು ಬಾರ್ಸೆಲೋನಾದ ಬೀದಿ ತುಂಬ ಗುಲಾಬಿ ಮತ್ತು ಪುಸ್ತಕ. ಯುನೆಸ್ಕೋ ಆ ದಿನವನ್ನು ಪುಸ್ತಕ ದಿನ ಅಂತ ಆರಿಸಿದ್ದರ ಹಿಂದೆ ಈ ಹಬ್ಬವೂ ಇದೆ. ಪುಸ್ತಕ ಪ್ರೀತಿಸುವ ಮನೆಯವರು ಈ ಹೆಸರನ್ನು ಒಮ್ಮೆ ಯೋಚಿಸಿ.

ಉರಿಯೋಲ್ ಅಂದರೆ ಹೊಂಬಣ್ಣದವನು. ಅದೇ ಹೆಸರಿನ ಹಳದಿ ಹಕ್ಕಿಯೂ ಇದೆ. ನಮ್ಮ ಹೊನ್ನಪ್ಪ, ಅನ್ನಿ. ಲ್ಯೂಸಿಯಾ ಅಂದರೆ ಬೆಳಕು, ನಮ್ಮ ಜ್ಯೋತಿ. ಡಿಸೆಂಬರ್ 13 ಅವಳ ದಿನ, ಕಣ್ಣು ಕಾಯುವ ತಾಯಿ ಅವಳು. ಶವಿಯೆ ಅನ್ನೋದನ್ನು ಮಂಗಳೂರಿನವರು ಕ್ಸೇವಿಯರ್ ಅಂತ ಬಲ್ಲರು. ಹಳೇ ಗೋವಾದಲ್ಲಿರುವ ಸಂತ ಫ್ರಾನ್ಸಿಸ್ ಕ್ಸೇವಿಯರ್ ಹೆಸರು ಅದೇ. ಬೇರು ಬಾಸ್ಕ್ ಭಾಷೆಯದು, ಅರ್ಥ ‘ಹೊಸಮನೆ’. ಧಾರವಾಡದ ಕಡೆಯ ಹೊಸಮನಿ ಮನೆತನದವರು ಈ ಹೆಸರಿಟ್ಟರೆ ಒಂದನ್ನೇ ಎರಡು ಸಲ ಹೇಳಿದಂತಾಗುತ್ತದೆ!

ಬಿಸೆನ್ಸ್ ಅಂದರೆ ಗೆಲ್ಲುವವನು, ವಿಜಯ. ನಮ್ಮ ಬಳ್ಳಾರಿಯ ಪಕ್ಕದ ಅನಂತಪುರದಲ್ಲಿ ಬರಗಾಲದ ಊರುಗಳಿಗಾಗಿ ದುಡಿದ ವಿಸೆಂಟೆ ಫೆರರ್ ಹೆಸರಿನ ಕ್ಯಾಟಲಾನ್ ರೂಪ ಇದು. 1920ರಲ್ಲಿ ಬಾರ್ಸೆಲೋನಾದಲ್ಲಿ ಹುಟ್ಟಿ, 2009ರಲ್ಲಿ ಅನಂತಪುರದಲ್ಲೇ ತೀರಿಕೊಂಡರು. ಅವರ ಮನೆಹೆಸರಿನ ಅರ್ಥ ‘ಕಮ್ಮಾರ’.

ಇನ್ನು ಹಳೆಯ ಕಾಲದ, ಕತ್ತಿ ಗುರಾಣಿಯ ಹೆಸರುಗಳು. ಇವುಗಳ ಬೇರು ಜರ್ಮಾನಿಕ್. ಅರ್ನಾವ್ ಅಂದರೆ ಹದ್ದಿನ ಬಲ. ಬರ್ನಾತ್ ಅಂದರೆ ಕರಡಿಯ ಧೈರ್ಯ. ಜರಾರ್ದ್ ಅಂದರೆ ಈಟಿಯಷ್ಟು ಗಟ್ಟಿ. ರಮೋನ್ ಅಂದರೆ ಬುದ್ಧಿ ಹೇಳಿ ಕಾಯುವವನು. ಈ ಸಾಲಿನಲ್ಲಿ ಅರ್ನಾವ್ ಕನ್ನಡದವರಿಗೆ ವರ. ಅರ್ಣವ ಅಂತ ನಮ್ಮ ಕಡೆ ಆಗಲೇ ಇದೆಯಲ್ಲ. ಅಲ್ಲಿ ಹದ್ದು, ಇಲ್ಲಿ ಕಡಲು. ಎರಡೂ ಕಡೆ ಯಾರೂ ತಡವರಿಸುವುದಿಲ್ಲ.

ಹೆಜ್ಜೆ 4: ಬರೆದಿದ್ದನ್ನು ನಂಬಬೇಡಿ, ಕೇಳಿಸಿಕೊಳ್ಳಿ

ಕೆಲವು ನಿಯಮ ಗೊತ್ತಿದ್ದರೆ ಸಾಕು. ಜೆ ಅಕ್ಷರ ಇಲ್ಲಿ ಮೆತ್ತಗಿನ ‘ಜ’. ಸ್ಪ್ಯಾನಿಷ್‌ನ ಹಾಗೆ ‘ಹ’ ಅನ್ನಬೇಡಿ. ಜೋರ್ದಿಯನ್ನು ಹೋರ್ದಿ ಅಂದರೆ ಮನೆಯವರಿಗೆ ಬೇಸರವಾಗುತ್ತದೆ. ಎಕ್ಸ್ ಅಕ್ಷರ ಹೆಸರಿನ ಮೊದಲಲ್ಲಿ ಬಂದರೆ ‘ಶ’. ಟಿ ಜೊತೆ ಎಕ್ಸ್ ಬಂದರೆ ‘ಚ’. ಎಲ್ ಎರಡು ಸಲ ಬಂದರೆ ‘ಲ್ಯ’ ಥರ, ನಮ್ಮ ‘ಳ’ ಅಲ್ಲ. ಕೊನೆಯ ಆರ್ ತುಂಬಾ ಸಲ ಬಾಯಿಗೇ ಬರುವುದಿಲ್ಲ. ಬಾರ್ಸೆಲೋನಾ ಕಡೆ ಒತ್ತಿಲ್ಲದ ‘ಒ’ ಕಾರ ‘ಉ’ ಆಗುತ್ತದೆ. ಅದಕ್ಕೇ ಉರಿಯೋಲ್, ಮುನ್‌ಸರಾತ್, ಜುಝೆಪ್. ವೆಲೆನ್ಸಿಯಾ ಕಡೆ ಹೋದರೆ ಅದು ‘ಒ’ ಆಗಿಯೇ ಉಳಿಯುತ್ತದೆ.

ಒಂದು ಮುಖ್ಯ ವಿಷಯ. ಇಂಗ್ಲಿಷ್‌ನಲ್ಲಿ ಜೋನ್ ಅಂತ ಓದುವ ಕಾಗುಣಿತ ಇಲ್ಲಿ ಜುವಾನ್, ಗಂಡಿನ ಹೆಸರು. ಚಿತ್ರಕಾರ ಜುವಾನ್ ಮಿರೋ ನೆನಪಿರಲಿ. ಹೆಣ್ಣಿಗೆ ಜುವಾನಾ. ಮಗ ಇಂಗ್ಲಿಷ್ ಊರಿಗೆ ಓದಲು ಹೋದಾಗ ಈ ಗೊಂದಲ ಬರಬಹುದು. ಅದಕ್ಕೆ ಸಿದ್ಧರಿದ್ದರೆ ಇಡಿ. ಇಲ್ಲದಿದ್ದರೆ ಅದರದೇ ಗಿಡ್ಡ ರೂಪ ಜಾನ್ ಇದೆ, ಈಗ ಇಲ್ಲಿ ತುಂಬಾ ಚಾಲ್ತಿಯಲ್ಲಿದೆ.

ಇನ್ನೊಂದು. ಇಲ್ಲಿ ಹೆಸರಿನ ಹಿಂದೆ ಒಂದು ಪುಟ್ಟ ಪದ ಸೇರಿಸಿ ಮಾತಾಡುತ್ತಾರೆ. ‘ಲ ನೂರಿಯಾ’, ‘ಅಲ್ ಜೋರ್ದಿ’. ಮಯೋರ್ಕಾದಲ್ಲಿ ಹೆಣ್ಣಿಗೆ ‘ನ’ ಅನ್ನುತ್ತಾರೆ. ಇದನ್ನೂ ಸೇರಿಸಿಕೊಂಡೇ ಹೆಸರನ್ನು ಹೇಳಿ ನೋಡಿ. ಮಗು ದಿನಾ ಕೇಳೋದು ಹಾಗೇನೇ.

ಹೆಜ್ಜೆ 5: ಅಜ್ಜಿಯ ಕಿವಿಗೆ ಹಾಕಿ

ಇದನ್ನು ಯಾರೂ ಬಿಡಬೇಡಿ. ಊರಿಗೆ ಫೋನ್ ಮಾಡಿ, ಅರ್ಥ ಹೇಳದೆ, ಬರೀ ಹೆಸರು ಹೇಳಿ. ಅವರಿಗೆ ಏನು ಕೇಳುತ್ತದೆ ಅಂತ ಕೇಳಿ.

ರೋಕ್ ಇಲ್ಲಿ ಸಂತನ ಹೆಸರು, ಬಂಡೆ ಅನ್ನೋ ಪದವೂ ಹೌದು. ಹುಬ್ಬಳ್ಳಿಯಲ್ಲಿ ಅದು ರೊಕ್ಕ. ಪೋಲ್ ಅನ್ನೋದು ಪೌಲನ ಇನ್ನೊಂದು ರೂಪ, ನಮ್ಮಲ್ಲಿ ದುಡ್ಡು ಪೋಲು ಮಾಡೋದು. ನಿಲ್ ಅಂದರೆ ನೈಲ್ ನದಿಯ ಹೆಸರು, ಇಲ್ಲಿ ತುಂಬಾ ಮಕ್ಕಳಿಗಿದೆ. ಕನ್ನಡದಲ್ಲಿ ‘ನಿಲ್ಲು’ ಅಂದ ಹಾಗೆ, ಇಂಗ್ಲಿಷ್‌ನಲ್ಲಿ ಸೊನ್ನೆ. ನೀಲ್ ಅಂತ ಎಳೆದರೆ ನೀಲಿ ಆಗಿ ಚೆನ್ನಾಗಿಯೇ ಕೇಳುತ್ತದೆ. ಬ್ರು ಅಂದರೆ ಕಂದು, ನಮ್ಮಲ್ಲಿ ಕಾಫಿ. ಐನಾ ಅನ್ನೋದು ಮಯೋರ್ಕಾದ ಅನ್ನಾ, ಹಿಂದಿ ಬಲ್ಲವರಿಗೆ ಕನ್ನಡಿ. ಗಲ್ಲಾ ಅನ್ನೋ ಹೆಣ್ಣು ಹೆಸರು ರೋಮ್ ಕಾಲದ್ದು. ಗೌಲ್ ದೇಶದವಳು ಅಂತ ಅರ್ಥ. ಕನ್ನಡದಲ್ಲಿ ಗಲ್ಲ ಅಂದರೆ ಕೆನ್ನೆ, ಗಲ್ಲಾ ಅಂದರೆ ದುಡ್ಡಿನ ಪೆಟ್ಟಿಗೆ, ಗಲ್ಲು ಅಂದರೆ ಬೇಡದ್ದು. ಯಾರು ಹೇಗೆ ಕೇಳಿಸಿಕೊಳ್ಳುತ್ತಾರೋ ಹೇಳೋಕಾಗಲ್ಲ. ಪಾವ್ ಅಂದರೆ ಅಕ್ಕಿ ಅಳೆಯೋ ಪಾವು. ನನ್ನ ಪ್ರಕಾರ ಇದು ಒಳ್ಳೆಯ ಶಕುನವೇ. ಪಾವು ತುಂಬಿದ ಮನೆ ಯಾರಿಗೆ ಬೇಡ?

ಇಂಥದ್ದು ಸಿಕ್ಕಿದ ಕೂಡಲೇ ಹೆಸರು ಬಿಟ್ಟುಬಿಡಬೇಕು ಅಂತಿಲ್ಲ. ಮಗು ವರ್ಷಕ್ಕೆ ಎಷ್ಟು ದಿನ ಊರಲ್ಲಿರುತ್ತದೆ, ಅಲ್ಲಿನ ಮಕ್ಕಳು ರೇಗಿಸಿದರೆ ನೋವಾಗುವಷ್ಟು ಕೆಟ್ಟದಾಗಿ ಕೇಳುತ್ತದಾ, ಇಷ್ಟು ನೋಡಿ. ಕುದುರೆ ಲಾಯದಲ್ಲಿ ನೋವಾಗುವಂಥದ್ದು ಏನೂ ಇಲ್ಲ.

ಹೆಜ್ಜೆ 6: ಗಿಡ್ಡ ಹೆಸರನ್ನೂ ಈಗಲೇ ನೋಡಿಕೊಳ್ಳಿ

ನಾವು ಹೆಸರನ್ನು ತಲೆಯಿಂದ ಹಿಡಿದು ಕರೆಯುತ್ತೇವೆ. ಮಂಜುನಾಥ ಮಂಜ ಆಗುತ್ತಾನೆ, ನಾಗರಾಜ ನಾಗ ಆಗುತ್ತಾನೆ. ಕ್ಯಾಟಲಾನ್‌ನವರು ತುಂಬಾ ಸಲ ಬಾಲ ಹಿಡಿಯುತ್ತಾರೆ. ಜುವಾಕಿಮ್ ಕಿಮ್ ಆಗುತ್ತಾನೆ. ಫ್ರನ್ಸೆಸ್ಕ್ ಸೆಸ್ಕ್ ಆಗುತ್ತಾನೆ, ಫುಟ್‌ಬಾಲಿನ ಸೆಸ್ಕ್ ಫಾಬ್ರೆಗಾಸ್ ಗೊತ್ತಲ್ಲ. ಗಾಬ್ರಿಯೆಲ್ ಬಿಯೆಲ್, ಬರ್ತುಮೆವು ತುಮೆವು, ಮೆರಿಚೆಲ್ ಚೆಲ್, ಎವುಲಾಲಿಯಾ ಲಾಯಾ. ಅವರ ಮಾತಿನ ಒತ್ತು ಹೆಚ್ಚಾಗಿ ಹೆಸರಿನ ಕೊನೆಯ ಕಡೆ ಬೀಳುತ್ತದೆ, ಅದಕ್ಕೇ ಆ ಭಾಗ ಉಳಿಯುತ್ತದೆ. ಹೀಗಾಗಿ ಒಂದೇ ಮಗುವನ್ನು ಅಪ್ಪನ ಮನೆಯವರು ಬಾಲದಿಂದ, ಅಮ್ಮನ ಮನೆಯವರು ತಲೆಯಿಂದ ಕರೆಯುತ್ತಾರೆ. ಎರಡೂ ಕೇಳಲು ಚೆನ್ನಾಗಿರುವ ಹೆಸರು ಸಿಕ್ಕರೆ ಅದೃಷ್ಟ. ಬಿಯೆಲ್, ಲಾಯಾ, ಜಾನ್ ಥರದ ಗಿಡ್ಡ ಹೆಸರುಗಳನ್ನೇ ಈಗ ಪೂರ್ತಿ ಹೆಸರಾಗಿ ಬರೆಸುತ್ತಾರೆ.

ಹೆಜ್ಜೆ 7: ನಕ್ಷತ್ರದ ಅಕ್ಷರ ನೋಡುವವರಾದರೆ

ನೋಡದವರು ಇದನ್ನು ದಾಟಿ ಮುಂದೆ ಹೋಗಿ. ನೋಡುವವರಿಗೆ ಕ್ಯಾಟಲಾನ್ ಹೆಸರಲ್ಲಿ ಬೇಕಾದಷ್ಟು ಸಿಗುತ್ತದೆ. ಅನೂರಾಧಾ ನಕ್ಷತ್ರಕ್ಕೆ ನಾ, ನೀ, ನೂ, ನೇ. ನೂರಿಯಾ, ನಿಲ್, ನೆವುಸ್ ಎಲ್ಲ ಹೊಂದುತ್ತವೆ. ಮಖೆಗೆ ಮಾ, ಮೀ, ಮೂ, ಮೇ. ಮಾರ್, ಮಾರ್ಕ್, ಮಿರೇಯಾ, ಮುನ್‌ಸರಾತ್, ಮೆರಿಚೆಲ್. ರೋಹಿಣಿ ಮೊದಲ ಪಾದಕ್ಕೆ ಓ, ಓನಾ ಇದೆ. ಕೃತ್ತಿಕೆಯ ಅ ಅಕ್ಷರಕ್ಕೆ ಅರ್ನಾವ್, ಅಬ್ರಿಲ್. ಉತ್ತರೆಯ ಪಾ ಅಕ್ಷರಕ್ಕೆ ಪಾವ್.

ನನ್ನ ಗೆಳತಿಯ ಮಗು ಹುಟ್ಟಿದ್ದು ಅಶ್ವಿನಿ ನಕ್ಷತ್ರ, ನಾಲ್ಕನೇ ಪಾದ. ಅಶ್ವಿನಿಯ ಅಕ್ಷರ ಚು, ಚೆ, ಚೋ, ಲಾ. ಮರುದಿನ ಅಜ್ಜಿಯೇ ಫೋನ್ ಮಾಡಿದರು. ಪಂಚಾಂಗ ತೆಗೆಸಿ ನೋಡಿದ್ದರು. “ನಾಲ್ಕನೇ ಪಾದಕ್ಕೆ ಲಾ ಅಂತಾನೇ ಬರತೈತಿ. ಅಶ್ವಿನಿ ಅಂದ್ರ ಕುದುರೀನ ಅಲ್ಲೇನು? ಕುದುರಿ ಕೂಸಿಗೆ ಲಾಯ ಬ್ಯಾಡ ಅಂದ್ರ ಹೆಂಗ?” ಅಂದರು. ಅಲ್ಲಿಗೆ ಹೆಸರು ತೀರ್ಮಾನವಾಯಿತು.

ಹೆಜ್ಜೆ 8: ದಾಖಲೆ ಮಾಡಿಸುವಾಗ

ಇಲ್ಲಿ ಸಮಯ ಕಮ್ಮಿ. ಆಸ್ಪತ್ರೆಯಿಂದಲೇ ನೋಂದಣಿ ಮಾಡಿಸುವುದಾದರೆ ಹುಟ್ಟಿದ 72 ಗಂಟೆಯೊಳಗೆ ಹೆಸರು ಬೇಕು. ಇಲ್ಲದಿದ್ದರೆ ಜನನ ನೋಂದಣಿ ಕಚೇರಿಗೆ 10 ದಿನದೊಳಗೆ ನೀವೇ ಹೋಗಬೇಕು. ಸರಿಯಾದ ಕಾರಣ ಇದ್ದರೆ 30 ದಿನದವರೆಗೂ ಅವಕಾಶ ಕೊಡುತ್ತಾರೆ. ನಮ್ಮಲ್ಲಿ ನಾಮಕರಣ 11ನೇ ಅಥವಾ 12ನೇ ದಿನ. ಅಷ್ಟರಲ್ಲಿ 10 ದಿನ ಮುಗಿದಿರುತ್ತದೆ. ಹಾಗಾಗಿ ಎರಡೂ ಮನೆಯವರನ್ನು ಕೇಳಿ ಹೆಸರನ್ನು ಮೊದಲೇ ಗಟ್ಟಿ ಮಾಡಿಟ್ಟುಕೊಳ್ಳಿ. ತೊಟ್ಟಿಲ ಶಾಸ್ತ್ರ ಆಮೇಲೆ ಆಗಲಿ.

ಸ್ಪೇನ್‌ನ ಕಾನೂನಿನಲ್ಲಿ ಎರಡು ಹೆಸರಿಗಿಂತ ಜಾಸ್ತಿ ಕೊಡುವ ಹಾಗಿಲ್ಲ. ಬದುಕಿರುವ ಅಣ್ಣ ಅಥವಾ ಅಕ್ಕನ ಹೆಸರನ್ನೇ ಮತ್ತೆ ಇಡುವ ಹಾಗಿಲ್ಲ. ಎರಡು ಹೆಸರಿಗೆ ಜಾಗ ಇರೋದು ನಮಗೆ ಅನುಕೂಲ. ಮೊದಲನೆಯದು ಕ್ಯಾಟಲಾನ್, ಎರಡನೆಯದು ಕನ್ನಡದ್ದು. ನಾನು ಎಲ್ಲರಿಗೂ ಇದನ್ನೇ ಹೇಳೋದು.

ಮನೆಹೆಸರು ಎರಡು ಬೇಕು. ಅಪ್ಪನದೊಂದು, ಅಮ್ಮನದೊಂದು. ಕ್ಯಾಟಲಾನ್ ಸಂಪ್ರದಾಯದಲ್ಲಿ ನಡುವೆ ‘ಇ’ ಅಂತ ಸೇರಿಸುತ್ತಾರೆ, ‘ಮತ್ತು’ ಅಂತ ಅರ್ಥ. ಅಂತೋನಿ ಗೌದಿ ಇ ಕುರ್ನೆತ್ ಅಂದರೆ ಅಪ್ಪನ ಕಡೆ ಗೌದಿ, ಅಮ್ಮನ ಕಡೆ ಕುರ್ನೆತ್. 2017ರಿಂದ ಯಾರದು ಮೊದಲು ಬರಬೇಕು ಅನ್ನೋದನ್ನು ತಂದೆತಾಯಿ ಸೇರಿ ತೀರ್ಮಾನಿಸಬೇಕು. ಮೊದಲ ಮಗುವಿಗೆ ಯಾವ ಕ್ರಮವೋ ಮುಂದಿನ ಮಕ್ಕಳಿಗೂ ಅದೇ. ಹೆಂಗಸರು ಮದುವೆಯಾದ ಮೇಲೆ ಇಲ್ಲಿ ಮನೆಹೆಸರು ಬದಲಿಸುವುದಿಲ್ಲ. ನಮ್ಮಲ್ಲಿ ಪಾಸ್‌ಪೋರ್ಟಿನಲ್ಲಿ ಮನೆಹೆಸರಿನ ಜಾಗ ಖಾಲಿ ಇರುವವರು, ಅಪ್ಪನ ಹೆಸರನ್ನೋ ಊರ ಹೆಸರನ್ನೋ ಇಟ್ಟುಕೊಂಡವರು ತುಂಬಾ ಜನ. ಅಂಥವರು ಹೆರಿಗೆಗೆ ಮುಂಚೆಯೇ ಯಾವ ಪದವನ್ನು ಮಗುವಿಗೆ ಕೊಡೋದು ಅಂತ ಯೋಚಿಸಿಡಿ. ತಂದೆತಾಯಿ ಇಬ್ಬರೂ ಭಾರತದ ಪ್ರಜೆಗಳಾಗಿದ್ದರೆ ಮಗುವಿನ ಹೆಸರಿಗೆ ನಮ್ಮ ದೇಶದ ನಿಯಮ ಅನ್ವಯಿಸುತ್ತದೆ. ಕಚೇರಿಯಲ್ಲಿ ಅದನ್ನು ಮೊದಲೇ ಹೇಳಿ. ಭಾರತದ ರಾಯಭಾರ ಕಚೇರಿಯಲ್ಲಿ ಒಂದು ವರ್ಷದೊಳಗೆ ಜನನ ನೋಂದಾಯಿಸುವುದನ್ನೂ ಮರೆಯಬೇಡಿ.

ಕೊನೆಗೆ, ಸಹಿ ಹಾಕುವ ಮುನ್ನ ಸ್ವರದ ಗೆರೆ ನೋಡಿ. ನೂರಿಯಾ, ಜುಲಿಯಾ ಹೆಸರುಗಳಲ್ಲಿ ‘ಯು’ ಅಕ್ಷರದ ಮೇಲೆ ಒಂದು ಓರೆ ಗೆರೆ ಇರಬೇಕು. ಅದಿಲ್ಲದಿದ್ದರೆ ಅದು ಸ್ಪ್ಯಾನಿಷ್ ರೂಪ. ಮರ್ಸೆಯ ಗೆರೆ ಎಡಕ್ಕೆ ವಾಲಬೇಕು, ವೆಲೆನ್ಸಿಯಾದಲ್ಲಾದರೆ ಬಲಕ್ಕೆ. ಗಲ್ಲಾ ಹೆಸರಿನಲ್ಲಿ ಎರಡು ಎಲ್ ನಡುವೆ ಒಂದು ಚುಕ್ಕಿ ಬರುತ್ತದೆ. ನಮಗೆ ಒತ್ತಕ್ಷರ ಇರುವುದರಿಂದ ಆ ಉಚ್ಚಾರ ಸಲೀಸು, ಕಂಪ್ಯೂಟರಿಗೆ ಮಾತ್ರ ಕಷ್ಟ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ನೂರಿಯಾ ಅಂತ ಆಸೆಪಟ್ಟು ಇಟ್ಟ ಹೆಸರಿನ ಗೆರೆ ಬಿಟ್ಟುಹೋಗಿತ್ತು. ಅವರು ಗಮನಿಸಿದ್ದು ಮಗಳು ಶಾಲೆಗೆ ಸೇರುವಾಗ. ತಿದ್ದಿಸಲು ಮತ್ತೆ ಓಡಾಡಬೇಕಾಯಿತು. ಹೆಸರಿನ ಸರಿಯಾದ ರೂಪಕ್ಕೆ ಪ್ರಮಾಣಪತ್ರ ಬೇಕಾದರೆ, 1907ರಲ್ಲಿ ಶುರುವಾದ ‘ಇನ್‌ಸ್ತಿತುತ್ ದೆಸ್ತುದಿಸ್ ಕತಲಾನ್ಸ್’ ಅನ್ನೋ ಭಾಷಾ ಸಂಸ್ಥೆ ಕೊಡುತ್ತದೆ. ಹಳೆಯ ಹೋರ್ಹೆಗಳು ತಮ್ಮ ಹೆಸರನ್ನು ಜೋರ್ದಿ ಅಂತ ಬದಲಿಸಿಕೊಳ್ಳಲೂ ಕಾನೂನಿನಲ್ಲಿ ದಾರಿ ಇದೆ.

ಗೆಳತಿ ಒಂಬತ್ತನೇ ದಿನ ಹೋಗಿ ‘ಲಾಯಾ ಅಶ್ವಿನಿ’ ಅಂತ ಬರೆಸಿ ಬಂದಳು. ಹನ್ನೆರಡನೇ ದಿನ ಮನೆಯಲ್ಲೇ ತೊಟ್ಟಿಲು ಕಟ್ಟಿದೆವು. ತಟ್ಟೆಯಲ್ಲಿ ಅಕ್ಕಿ ಹರಡಿ ಉಂಗುರದಿಂದ ಹೆಸರು ಬರೆದರು, ಮೇಲೆ ಕನ್ನಡದಲ್ಲಿ, ಕೆಳಗೆ ಕ್ಯಾಟಲಾನ್‌ನಲ್ಲಿ. ಕಿವಿಯಲ್ಲಿ ಹೆಸರು ಹೇಳೋದು ಸೋದರತ್ತೆಯ ಹಕ್ಕು. ಮಗುವಿನ ಅಪ್ಪನ ತಂಗಿ ಮುನ್ಸೆ ಬಗ್ಗಿ, ಅಜ್ಜಿ ಫೋನಿನಲ್ಲಿ ಎಣಿಸುತ್ತಿದ್ದ ಹಾಗೆ, ಮೂರು ಸಲ ಹೇಳಿದಳು. ಕ್ಯಾಲೆಂಡರಿನಲ್ಲಿ ಫೆಬ್ರವರಿ 12ಕ್ಕೆ ಆಗಲೇ ಗುರುತು ಹಾಕಿದ್ದಾಳೆ. ಅದು ಎವುಲಾಲಿಯಾಳ ದಿನ. ಇಲ್ಲಿ ಹುಟ್ಟುಹಬ್ಬದ ಹಾಗೆ ಹೆಸರಿನ ಹಬ್ಬವನ್ನೂ ಮಾಡುತ್ತಾರೆ. ಅವತ್ತು ಮನೆಗೆ ಬಂದವರು ‘ಪೆರ್ ಮೊಲ್ಟ್ಸ್ ಆನ್ಯ್ಸ್’ ಅನ್ನುತ್ತಾರೆ. ಬಹಳ ವರ್ಷ ಬಾಳು ಅಂತ.